ಅಭಾವದ ಕಾರಣತ್ವ

ನೆಲದ ಮೇಲೆ ಗಡಿಗೆಯಿಲ್ಲವೆಂದು ಹೇಳುವಾಗ ನಾವು ಕಾಣುವುದು ಬರಿಯ ನೆಲವನ್ನೋ, ಗಡಿಗೆಯ ಇಲ್ಲದಿರುವಿಕೆಯೆಂಬ ಮತ್ತೊಂದನ್ನೋ? ಬರಿಯ ನೆಲವೇ ಸಾಕು, ಅಭಾವವೆಂಬ ಬೇರೊಂದು ಪದಾರ್ಥವಿಲ್ಲವೆಂದು ಪ್ರಾಭಾಕರ ಮೀಮಾಂಸಕರು ವಾದಿಸಿದರು. ನ್ಯಾಯ ವೈಶೇಷಿಕರಾದರೋ ದ್ರವ್ಯ, ಗುಣ, ಕರ್ಮ ಮೊದಲಾದ ಆರರ ತರುವಾಯ ಅಭಾವವನ್ನು ಏಳನೆಯ ಪದಾರ್ಥವಾಗಿ ಎಣಿಸಿದರು. ನಮ್ಮ ಉಡುಪಿಯ ಮಧ್ವಾಚಾರ್ಯರೂ ‘ತತ್ತ್ವಸಂಖ್ಯಾನ’ದಲ್ಲಿ ಪರತಂತ್ರತತ್ತ್ವವನ್ನು ಭಾವ, ಅಭಾವಗಳೆಂದು ವಿಭಾಗಿಸಿ ಅದಕ್ಕೆ ಸ್ಥಾನವಿತ್ತರು. ಇವರ ದೃಷ್ಟಿಯಲ್ಲಿ ಅಭಾವವೆಂಬುದು ಶುದ್ಧ ಶೂನ್ಯವಲ್ಲ. ಅದು ಯಾವುದೋ ಒಂದರ ಅಭಾವ, ಎಲ್ಲಿಯೋ ಒಂದೆಡೆಯ ಅಭಾವ. ಇಲ್ಲದಿರುವ ವಸ್ತು ಪ್ರತಿಯೋಗಿ, ಅದು ಇಲ್ಲದಿರುವ ಎಡೆ ಅನುಯೋಗಿ.

ಇಷ್ಟನ್ನು ಒಪ್ಪಿದ ಮೇಲೂ ಕಠಿನವಾದ ಸಂದೇಹವೊಂದು ಉಳಿಯುತ್ತದೆ. ಇಲ್ಲದ್ದು ಏನನ್ನಾದರೂ ಮಾಡಬಲ್ಲುದೆ? ಚಂದ್ರಕಾಂತಮಣಿ ಸಮೀಪದಲ್ಲಿದ್ದರೆ ಬೆಂಕಿ ಸುಡಲಾರದೆಂಬ ಹಳೆಯ ನಂಬಿಕೆಯನ್ನು ಹಿಡಿದು ಶಾಸ್ತ್ರಕಾರರು ಇದನ್ನು ಚರ್ಚಿಸಿದರು. ಮಣಿಯು ಬೆಂಕಿಯ ದಾಹಕಶಕ್ತಿಯನ್ನೇ ಕೆಡಿಸುತ್ತದೆಂದು ಮೀಮಾಂಸಕ. ಕಣ್ಣಿಗೆ ಕಾಣದ ಶಕ್ತಿಯ ಕಲ್ಪನೆಯೇ ಬೇಡ, ಬೆಂಕಿಯಂತೆ ಮಣಿಯ ಅಭಾವವೂ ಸುಡುವಿಕೆಗೆ ಒಂದು ಕಾರಣವೆಂದು ನೈಯಾಯಿಕ. ಇದಕ್ಕೆ ಪ್ರತಿಬಂಧಕಾಭಾವವೆಂದು ಹೆಸರು. ಮಣಿಯ ಕಥೆ ಸುಳ್ಳಾದರೂ ವಾದ ಸುಳ್ಳಾಗಲಿಲ್ಲ.

ಈ ವಾದಕ್ಕೆ ಸಾಕ್ಷ್ಯವನ್ನು ಇಂದು ಜೀವಕೋಶದಲ್ಲಿಯೂ ಅರಸಬಹುದು. 1977ರಲ್ಲಿ ಸ್ಥಾಪಿತವಾಗಿ ಈಗ ಹೈದರಾಬಾದಿನ ಉಪ್ಪಲ್ ರಸ್ತೆಯಲ್ಲಿ ನೆಲೆಸಿರುವ ಕೋಶೀಯ ಹಾಗೂ ಆಣವಿಕ ಜೀವವಿಜ್ಞಾನ ಕೇಂದ್ರ, ಎಂದರೆ ಸಿಸಿಎಂಬಿಯಲ್ಲಿ, ಅಮಿತಾಭ ಚಟ್ಟೋಪಾಧ್ಯಾಯರೂ ಅವರ ಸಹಕಾರಿಗಳೂ ಕೋಶದ ಪೊರೆಯಿಂದ ಕೊಲೆಸ್ಟರಾಲನ್ನು ಹೊರತೆಗೆದು ನೋಡಿದಾಗ, ಆ ಪೊರೆಯಲ್ಲಿದ್ದ ಸೆರೊಟೊನಿನ್ ಗ್ರಾಹಕವೊಂದು ತನಗೆ ಸಲ್ಲುವ ಅಣುವನ್ನು ಹಿಡಿಯುವ ಸಾಮರ್ಥ್ಯದಲ್ಲಿ ಕುಗ್ಗಿತು. ಗ್ರಾಹಕವನ್ನು ಅವರು ತೆಗೆದಿರಲಿಲ್ಲ. ಅದರ ನೆರೆಯೊಂದು ಇಲ್ಲವಾಗಿತ್ತು, ಅಷ್ಟೆ.

ಅಲ್ಲಿ ಇಲ್ಲವಾದದ್ದು ಕೊಲೆಸ್ಟರಾಲ್; ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಪ್ರತಿಯೋಗಿ ಆಮ್ಲಜನಕ. ಗಂಟಿನ ಸುತ್ತ ಬೆಳೆಯುವ ದಟ್ಟವಾದ ನಾರುಜಾಲ ರಕ್ತನಾಳಗಳನ್ನು ಅದುಮಿಹಾಕುವುದರಿಂದ ಅಲ್ಲಿಗೆ ಪ್ರಾಣವಾಯು ತಲಪುವುದೇ ದುಸ್ತರ. 2000ದಲ್ಲಿ ಪ್ರಕಟವಾದ ಒಂದು ಮಾಪನದಲ್ಲಿ, ಏಳು ರೋಗಿಗಳ ಗಂಟುಗಳೊಳಗೆ ಆಮ್ಲಜನಕದ ಒತ್ತಡ 0ಯಿಂದ 5.3 ಮಿಲಿಮೀಟರ್ ಪಾದರಸದಷ್ಟಿದ್ದರೆ, ಪಕ್ಕದ ಆರೋಗ್ಯವಂತ ಅಂಗಾಂಶದಲ್ಲಿ 24.3ರಿಂದ 92.7ರಷ್ಟಿತ್ತು. ತೀರ ಇಲ್ಲದಿರುವುದಕ್ಕೂ ಅಲ್ಪವಾಗಿರುವುದಕ್ಕೂ ತಾರ್ಕಿಕನು ಭೇದವೆಣಿಸಿಯಾನು. ಕೋಶಕ್ಕೆ ಅಷ್ಟು ಪುರುಸೊತ್ತಿಲ್ಲ.

ಈ ಅಭಾವ ಕೋಶದ ಪೊರೆಯನ್ನು ಎರಡು ದಾರಿಗಳಲ್ಲಿ ಮುಟ್ಟುತ್ತದೆ. ಮೊದಲನೆಯದು ಸಾಮಗ್ರಿಯ ಕೊರತೆ. ಪೊರೆಯ ಮೇದಸ್ಸು ಹರಿವಾಗಿರಬೇಕಾದರೆ ಅದರ ಕೊಬ್ಬಿನಾಮ್ಲಗಳಲ್ಲಿ ಅಲ್ಲಲ್ಲಿ ದ್ವಿಬಂಧಗಳಿರಬೇಕು; ಆ ಬಂಧವನ್ನು ಹೆಣೆಯುವ ಡಿಸ್ಯಾಚುರೇಸ್ ಎಂಬ ಕಿಣ್ವಕ್ಕೆ ಆಮ್ಲಜನಕ ಅನಿವಾರ್ಯ. ಕೊಲೆಸ್ಟರಾಲಿನ ಒಂದೊಂದು ಅಣುವಿನ ರಚನೆಗೂ ಹನ್ನೊಂದು ಆಮ್ಲಜನಕದ ಅಣುಗಳು ವ್ಯಯವಾಗುತ್ತವೆ. ದ್ವಿಬಂಧಗಳ ಹೆಣಿಗೆ ನಿಂತಾಗ ಪೊರೆ ಬಿಗಿಯಾಗುವ ಅಪಾಯವುಂಟು. ಆಗ ಕ್ಯಾನ್ಸರ್ ಕೋಶವು ತಾನು ಹೆಣೆಯಲಾರದ ಕೊಬ್ಬನ್ನು ರಕ್ತದಲ್ಲಿ ಬರುವ ಮೇದಸ್ಸಿನಿಂದ ಹೆಕ್ಕಿಕೊಳ್ಳುತ್ತದೆ.

ಎರಡನೆಯದು ಸಾಕ್ಷಾತ್ ಮಣಿಯ ಪ್ರಕರಣವೇ; ಇಲ್ಲಿ ಮಣಿಯ ಸ್ಥಾನದಲ್ಲಿ ಆಮ್ಲಜನಕ. ಎಚ್‌ಐಎಫ್ ಎಂಬ ಪ್ರೋಟೀನನ್ನು ಕೋಶ ಎಡೆಬಿಡದೆ ತಯಾರಿಸುತ್ತಿರುತ್ತದೆ. ಆಮ್ಲಜನಕವಿರುವಲ್ಲೆಲ್ಲ ಅದನ್ನು ಗುರುತುಹಾಕಿ ನಾಶಮಾಡಲಾಗುತ್ತದೆ. ಆಮ್ಲಜನಕ ತಪ್ಪಿತೆಂದರೆ ನಾಶವೂ ತಪ್ಪಿ ಅದು ಉಳಿದುಕೊಳ್ಳುತ್ತದೆ. ಹಾಗೆ ಉಳಿದದ್ದು ಸುಮ್ಮನಿರದೆ, ಸಕ್ಕರೆಯನ್ನು ಒಳಗೆಳೆಯುವ ದ್ವಾರಗಳನ್ನೂ ಆಮ್ಲತೆಯನ್ನು ನಿಭಾಯಿಸುವ ಕಿಣ್ವಗಳನ್ನೂ ಪೊರೆಯಲ್ಲಿ ಹೆಚ್ಚಿಸುತ್ತದೆ. ಈ ವ್ಯವಸ್ಥೆಯನ್ನು ಬಿಡಿಸಿ ತೋರಿದ ಸೆಮೆನ್ಜಾ, ರಾಟ್‌ಕ್ಲಿಫ್, ಕೇಲಿನ್ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಬರಿಯ ನೆಲವೇ ಸಾಕೆನ್ನುವ ಪ್ರಾಭಾಕರನಿಗೆ ಇಲ್ಲಿ ಉತ್ತರ ಕಷ್ಟವಾದೀತೆಂದೇ ನನ್ನ ಎಣಿಕೆ.

ಅಭಾವವನ್ನೇ ಆಯುಧವಾಗಿಸಿಕೊಳ್ಳುವ ಯತ್ನವೂ ನಡೆಯಿತು. ಇವೊಫಾಸ್ಫಮೈಡ್ ಎಂಬ ಔಷಧ ಆಮ್ಲಜನಕವಿರುವಲ್ಲಿ ನಿರುಪದ್ರವಿಯಾಗಿದ್ದು, ಅದು ಇಲ್ಲದೆಡೆ ಮಾತ್ರ ವಿಷವಾಗಿ ಬಿಚ್ಚಿಕೊಳ್ಳುವಂತೆ ರಚಿತವಾದುದು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ರೋಗಿಗಳಲ್ಲಿ ನಡೆದ ಅದರ ಮೂರನೆಯ ಹಂತದ ಪರೀಕ್ಷೆ, ಆಯುಸ್ಸನ್ನು ನಿಸ್ಸಂದಿಗ್ಧವಾಗಿ ಹೆಚ್ಚಿಸಿತೆಂದು ಸ್ಥಾಪಿಸಲಾರದೆ 2015ರಲ್ಲಿ ವಿಫಲವಾಯಿತು.