ಮರೆಯಲ್ಲಿ ತಿನ್ನುವ ತುತ್ತು

ತನಗೆ ರುಚಿಯಾದದ್ದನ್ನು ನೆರೆಯವರು ಕಾಣದ ಹಾಗೆ ತಿನ್ನುವದು ಪಾಪವೋ ಅಲ್ಲವೋ ಎಂಬ ಪ್ರಶ್ನೆಯನ್ನು ಕೇಳಿದ ಕೂಡಲೆ ಅನೇಕರಿಗೆ ನಗೆ ಬಂದೀತು. ಕಳವು, ಸುಳ್ಳು, ಕುಡುಕತನ, ಹಗೆತನ ಮುಂತಾದ ಭಾರವಾದ ಪಾಪಗಳು ಲೋಕದಲ್ಲಿ ತುಂಬಿರುವಾಗ, ಬೆಲ್ಲ ಬೆರಸಿದ ಮೀನುಸಾರನ್ನು ಕುರಿತು ವಿಚಾರಿಸುವ ಅಗತ್ಯವೇನು ಎಂದು ಕೆಲವರು ಹೇಳಾರು. ಆದರೆ ಊಟವೆಂಬದು ದಿನಕ್ಕೆ ಎರಡು ಮೂರು ಸಾರಿ ನಡೆಯುವ ಕೆಲಸವಾಗಿದೆ. ನಾವು ಯಾರಿಗೆ ಹೆದರುತ್ತೇವೆ, ಯಾರನ್ನು ಪ್ರೀತಿಸುತ್ತೇವೆ ಎಂಬದು ದೇವಾಲಯದ ಪೀಠದ ಮುಂದೆ ಎಷ್ಟು ಗೊತ್ತಾಗುವದೋ ಅಡಿಗೆ ಮನೆಯ ಒಲೆಯ ಮುಂದೆಯೂ ಅಷ್ಟೇ ಗೊತ್ತಾಗುವದು.

ಇಂಥ ಗುಟ್ಟಿನ ರುಚಿಗಳು ಇಲ್ಲದ ಮನೆಯು ವಿರಳ. ಒಬ್ಬನು ಮಾಗಿದ ಬಾಳೆಹಣ್ಣನ್ನು ಉಪ್ಪಿನಕಾಯಿಯ ರಸದಲ್ಲಿ ಅದ್ದಿ ತಿನ್ನುವನು. ಒಬ್ಬಳು ಮಾವಿನ ಹಣ್ಣನ್ನು ತಂಗಳನ್ನಕ್ಕೆ ಹಿಚುಕಿ, ನಡುನಡುವೆ ಸುಟ್ಟ ಒಣಮೀನನ್ನು ಕಚ್ಚಿಕೊಳ್ಳುವಳು. ಕೆಲವರು ಕಾಫಿಯಲ್ಲಿ ಖಾರದ ಚಕ್ಕುಲಿಯನ್ನು ನೆನಸುವರು. ಕೆಲವರು ಮುದ್ದೆಗೆ ಬೆಲ್ಲವನ್ನೂ ಹಸಿ ನೀರುಳ್ಳಿಯನ್ನೂ ಕೂಡಿಸುವರು. ಮಲೆನಾಡಿನ ಕೆಲವು ಕಡೆಗಳಲ್ಲಿ ಚಗಳಿ ಎಂಬ ಕೆಂಪಿರುವೆಯ ಚಟ್ನಿಯು ಬಹು ರುಚಿಯೆಂದು ಎಣಿಸಲ್ಪಡುತ್ತದೆ. ಮನೆಯವರು ಮಾತ್ರ ಇರುವಾಗ ಇವೆಲ್ಲಾ ಸಂತೋಷದಿಂದ ನಡೆಯುವವು. ಹೊರಗಿನವನ ಕೆಮ್ಮಿನ ಶಬ್ದವು ಅಂಗಳದಲ್ಲಿ ಕೇಳಿದೊಡನೆ ಬಟ್ಟಲು ಮೂಲೆಗೆ ಸೇರುವದು, ಗಡಿಗೆಯ ಬಾಯಿ ಮುಚ್ಚುವದು, ಕೈಯನ್ನು ಸೆರಗಿನಲ್ಲಿ ಒರಸುವರು.

ಮೊದಲು, ಇಂಥ ಆಹಾರದಲ್ಲಿಯೇ ದೋಷವುಂಟೋ ಎಂಬದನ್ನು ನೋಡೋಣ. ಹೊರಗಿನಿಂದ ಬಾಯೊಳಗೆ ಹೋಗುವಂಥದು ಮನುಷ್ಯನನ್ನು ಹೊಲೆ ಮಾಡುವದಿಲ್ಲ, ಹೃದಯದಿಂದ ಹೊರಡುವ ಕೆಟ್ಟ ಆಲೋಚನೆಗಳೇ ಅವನನ್ನು ಕೆಡಿಸುವವು ಎಂದು ನಮ್ಮ ಕರ್ತನು ಬೋಧಿಸಿದ್ದನ್ನು ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಓದುತ್ತೇವೆ. ವೇದದಲ್ಲಿ ವಿಚಿತ್ರವಾದ ಊಟಗಳೂ ಕಡಿಮೆಯಿಲ್ಲ. ಸ್ನಾನಿಕನಾದ ಯೋಹಾನನು ಮಿಡತೆಗಳನ್ನೂ ಕಾಡುಜೇನನ್ನೂ ತಿಂದು ಬದುಕಿದನು. ಮೋವಾಬ್ಯಳಾದ ರೂತಳು ಬೋವಜನ ಹೊಲದಲ್ಲಿ ರೊಟ್ಟಿಯನ್ನು ಹುಳಿರಸದಲ್ಲಿ ಅದ್ದಿ, ಹುರಿದ ತೆನೆಯೊಂದಿಗೆ ತಿಂದಳು. ಕರ್ತನು ಪುನರುತ್ಥಾನದ ತರುವಾಯ ಶಿಷ್ಯರ ಮುಂದೆ ಸುಟ್ಟ ಮೀನನ್ನು ತಿಂದನೆಂದು ಲೂಕನು ಬರೆದಿದ್ದಾನೆ. ಅದರ ಸಂಗಡ ಜೇನುಗೂಡಿನ ತುಂಡನ್ನೂ ಕೊಟ್ಟರೆಂಬ ಮಾತು ಕೆಲವು ಗ್ರೀಕ್ ಪ್ರತಿಗಳಲ್ಲಿ ಇದೆ, ಅತಿ ಪುರಾತನ ಪ್ರತಿಗಳಲ್ಲಿ ಇಲ್ಲ. ಹೇಗಾದರೂ ಮೀನಿನೊಂದಿಗೆ ಜೇನೆಂದು ಓದಿದವರು ಅನೇಕ ಶತಮಾನಗಳ ವರೆಗೆ ಅದರಲ್ಲಿ ಹೇಸತಕ್ಕದ್ದೇನನ್ನೂ ಕಾಣಲಿಲ್ಲ.

ಇದಲ್ಲದೆ, ಯಾವದು ಸರಿಯಾದ ಊಟ, ಯಾವದು ವಿಪರೀತ ಎಂಬ ಲೋಕದ ತೀರ್ಪು ಸ್ಥಿರವಾದದ್ದಲ್ಲ. ನಮ್ಮ ಸಾರಿಗೆ ಪ್ರಾಣದಂತಿರುವ ಕೆಂಪು ಮೆಣಸು ಅಮೇರಿಕಾ ಖಂಡದ ಗಿಡವು. 1492ರಲ್ಲಿ ಕೊಲಂಬಸನು ಆ ಕಡೆಗೆ ಮುಟ್ಟಿದ ಮೇಲೆಯೇ ಅದು ಪೋರ್ತುಗೀಸರ ಹಡಗುಗಳ ಮೂಲಕ ನಮ್ಮ ಕರಾವಳಿಗೆ ಬಂತು. ಅದಕ್ಕಿಂತ ಮುಂಚೆ ನಮ್ಮ ಹಿರಿಯರು ಒಳ್ಳೆಮೆಣಸಿನಿಂದಲೇ ಖಾರವನ್ನು ಮಾಡಿಕೊಂಡರು. ಬಡವರ ಧಾನ್ಯವೆಂದು ತಾತ್ಸಾರಕ್ಕೆ ಒಳಗಾಗಿದ್ದ ರಾಗಿ, ಜೋಳ, ನವಣೆಗಳ ಗೌರವಕ್ಕಾಗಿ ಸಂಯುಕ್ತ ರಾಷ್ಟ್ರಸಂಘದವರು 2023ನೆಯ ವರುಷವನ್ನು ಗೊತ್ತುಮಾಡಿದರು. ಒಡಿಶಾದ ಮಯೂರಭಂಜ ಸೀಮೆಯ ಕಾಡು ಜನರು ಮಾಡುವ ಕೆಂಪಿರುವೆಯ ಚಟ್ನಿಗೆ 2024ರಲ್ಲಿ ಸರಕಾರದ ಭೌಗೋಳಿಕ ಗುರುತು ದೊರೆಯಿತು. ನಿನ್ನೆ ಮುಚ್ಚಿಟ್ಟ ಗಡಿಗೆಯನ್ನು ಇಂದು ಮೆರವಣಿಗೆ ಮಾಡುವ ಈ ಲೋಕದ ಮೇಲೆ ನಮ್ಮ ಮನಸ್ಸಾಕ್ಷಿಯನ್ನು ಹೇಗೆ ಕಟ್ಟೋಣ?

ಪೇರಳೆ ಹಣ್ಣಿಗೆ ಉಪ್ಪು ಹಚ್ಚುವ ಹುಡುಗನನ್ನು ನಾವು ಗದರಿಸುತ್ತೇವೆ. ಆದರೆ ಉಪ್ಪು ಕಹಿಯನ್ನು ಅಡಗಿಸುವದರಿಂದ ಸಿಹಿಯು ನಾಲಿಗೆಗೆ ಹೆಚ್ಚಾಗಿ ತೋರುವದೆಂದು 1997ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಶೋಧನೆಯು ತೋರಿಸಿತು. ಮೀನನ್ನೂ ಹಾಲನ್ನೂ ಕೂಡಿಸಬಾರದೆಂದು ಚರಕಸಂಹಿತೆಯಲ್ಲಿ ಹೇಳಿದೆ; ಕೂಡಿಸಿದರೆ ತೊನ್ನು ಹತ್ತುವದೆಂದು ನಮ್ಮ ಹಳ್ಳಿಗಳಲ್ಲಿ ಭಯಪಡುತ್ತಾರೆ. ಆ ರೋಗವು ಊಟದಿಂದ ಬರುವದಿಲ್ಲವೆಂದು ಈಗಿನ ವೈದ್ಯರು ಹೇಳುತ್ತಾರೆ. ಆದರೂ ಒಂದು ಎಚ್ಚರಿಕೆಯನ್ನು ಹೇಳತಕ್ಕದ್ದು. ಮಣ್ಣು, ಬೂದಿ, ಸುಣ್ಣ, ಹಸಿ ಅಕ್ಕಿ ಇವುಗಳನ್ನು ಬಸುರಿಯರೂ ಮಕ್ಕಳೂ ಗುಟ್ಟಾಗಿ ತಿನ್ನುವದುಂಟು. ಇದು ನಾಲಿಗೆಯ ಚಪಲವೆಂದು ತಳ್ಳಿಬಿಡಬಾರದು. ಹಲವು ಸಾರಿ ರಕ್ತದಲ್ಲಿ ಕಬ್ಬಿಣದ ಅಂಶವು ಕಡಿಮೆಯಾದದ್ದಕ್ಕೆ ಇದು ಗುರುತಾಗಿರುತ್ತದೆ. ಅಂಥವರನ್ನು ಬೈಯದೆ, ಅವಮಾನಪಡಿಸದೆ, ಆಸ್ಪತ್ರೆಗೆ ಕರಕೊಂಡು ಹೋಗಬೇಕು. ಬೈದರೆ ಅವರು ಇನ್ನೂ ಹೆಚ್ಚಾಗಿ ಮರೆಮಾಡುವರು, ರೋಗವೂ ಹೆಚ್ಚುವದು.

ಹೀಗಾದರೆ ತಿನ್ನುವದರಲ್ಲಿ ತಪ್ಪಿಲ್ಲ. ಮರೆಮಾಡುವದರಲ್ಲಿ ತಪ್ಪುಂಟೋ? ಇದಕ್ಕೆ ಒಂದೇ ಉತ್ತರವನ್ನು ಕೊಡಲು ಆಗುವದಿಲ್ಲ. ಯಾಕಂದರೆ ಮರೆಯು ಒಂದೇ ಬಗೆಯದಲ್ಲ.

ಒಂದು ಮರೆಯು ನಿರಪರಾಧವಾದದ್ದು. ಒಬ್ಬನು ತನ್ನ ವಿಚಿತ್ರವಾದ ರುಚಿಯನ್ನು ಊರಿಗೆಲ್ಲಾ ಸಾರಬೇಕೆಂದು ದೇವರು ಎಲ್ಲಿಯೂ ಆಜ್ಞಾಪಿಸಲಿಲ್ಲ. ಬಾಗಿಲು ಮುಚ್ಚಿಕೊಂಡು ಮಾಡುವ ಪ್ರಾರ್ಥನೆಯನ್ನು ಕಾಣುವ ತಂದೆಯು ಬಾಗಿಲು ಮುಚ್ಚಿಕೊಂಡು ತಿನ್ನುವ ತುತ್ತನ್ನೂ ಕಾಣುತ್ತಾನೆ. ಅದಕ್ಕಾಗಿ ಸ್ತೋತ್ರ ಮಾಡಿದವನು ಸಮಾಧಾನದಿಂದ ತಿನ್ನಲಿ.

ಎರಡನೆಯ ಮರೆಯು ಹೊಟ್ಟೆಬಾಕತನದ್ದು. ಹೆಂಡತಿಯು ಎಲ್ಲರಿಗೂ ಬಡಿಸಿ ಕಡೆಯಲ್ಲಿ ತಿಳಿಗಂಜಿಯನ್ನು ಕುಡಿಯುವಾಗ, ಗಂಡನು ಪೇಟೆಯಲ್ಲಿ ತನ್ನ ನಾಲಿಗೆಗೆ ಬೇಕಾದದ್ದನ್ನು ಕೊಂಡು ತಿಂದು, ಬಾಯಿ ಒರಸಿಕೊಂಡು ಮನೆಗೆ ಬರುವನು. ಇವನು ಮುಚ್ಚಿಟ್ಟದ್ದು ರುಚಿಯನ್ನಲ್ಲ, ತನ್ನವರ ಪಾಲನ್ನೇ. ಕದ್ದ ನೀರಿನ ಸಿಹಿಯನ್ನೂ ಗುಟ್ಟಿನ ರೊಟ್ಟಿಯ ರುಚಿಯನ್ನೂ ಹೊಗಳುವವಳು ಮೂಢಸ್ತ್ರೀಯು ಎಂಬದನ್ನು ಜ್ಞಾನೋಕ್ತಿಗಳ 9ನೆಯ ಅಧ್ಯಾಯದಲ್ಲಿ ನೋಡಿರಿ. ಆಕೆಯ ಅತಿಥಿಗಳು ಎಲ್ಲಿಗೆ ಸೇರಿದರೆಂಬದು ಅಲ್ಲಿಯೇ ಬರೆದಿದೆ.

ಮೂರನೆಯ ಮರೆಯು ಮನುಷ್ಯರ ಭಯದ್ದು. ಇದನ್ನು ಕುರಿತು ನಮ್ಮ ಸಭೆಗಳು ಹೆಚ್ಚಾಗಿ ಯೋಚಿಸತಕ್ಕದ್ದು. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರಿಂದ ಬಂದ ವಿಶ್ವಾಸಿಗಳ ಸಂಗಡ ಊಟ ಮಾಡುತ್ತಿದ್ದನು. ಯಾಕೋಬನ ಕಡೆಯವರು ಬಂದಾಗ ಅವರಿಗೆ ಹೆದರಿ ಹಿಂದೆಗೆದು ಬೇರೆಯಾದನು. ಬಾರ್ನಬನು ಕೂಡಾ ಆ ಕಪಟಕ್ಕೆ ಸೆಳೆಯಲ್ಪಟ್ಟನು. ಆಗ ಪೌಲನು ಎಲ್ಲರ ಮುಂದೆ ಅವನನ್ನು ಎದುರಿಸಿದನೆಂದು ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಇದೆ. ಯೊಪ್ಪದಲ್ಲಿ ಪರಲೋಕದಿಂದಿಳಿದ ಜೋಳಿಗೆಯನ್ನು ಕಂಡವನು ಈ ಪೇತ್ರನೇ. ಆದದರಿಂದ ಅವನಿಗೆ ಉಪದೇಶವು ಕಡಿಮೆಯಾಗಿದ್ದಿಲ್ಲ. ಬಂದ ಅತಿಥಿಗಳ ಕಣ್ಣಿಗೆ ಅವನು ಹೆದರಿದನು. ಅವನು ಎದ್ದು ಹೋದ ಪಂಕ್ತಿಯಲ್ಲಿ ಕೂತುಕೊಂಡೇ ಇದ್ದ ಸಹೋದರರ ಮುಖಗಳನ್ನು ಸ್ವಲ್ಪ ನೆನಸಿರಿ. ಅವನು ಬಾಯಿಂದ ಒಂದು ಮಾತನ್ನೂ ಆಡದೆ ಅವರಿಗೆ ನೀವು ಕೀಳಾದವರು ಎಂದು ಹೇಳಿದಂತಾಯಿತು.

ಆದರೆ ಅದೇ ಪೌಲನು ರೋಮಾಪುರದವರಿಗೆ ಬರೆಯುವಾಗ, ತಿನ್ನುವ ವಿಷಯದಲ್ಲಿ ನಿನಗಿರುವ ನಂಬಿಕೆಯನ್ನು ನಿನ್ನ ಮತ್ತು ದೇವರ ನಡುವೆ ಇಟ್ಟುಕೋ ಎಂಬ ಅರ್ಥದಿಂದ ಬೋಧಿಸಲಿಲ್ಲವೋ ಎಂದು ಯಾರಾದರೂ ಕೇಳಬಹುದು. ಹೌದು, 14ನೆಯ ಅಧ್ಯಾಯದಲ್ಲಿ ಹಾಗೆಯೇ ಇದೆ. ಇವೆರಡು ಉಪದೇಶಗಳು ಒಂದಕ್ಕೊಂದು ವಿರೋಧವಾಗಿ ತೋರಿದರೂ ವಿರೋಧವಲ್ಲ. ರೋಮಾಪುರದಲ್ಲಿ ಬಲವುಳ್ಳವನು ಬಲಹೀನನು ಎಡವದಂತೆ ತನ್ನ ತಟ್ಟೆಯನ್ನು ಮರೆಮಾಡಬೇಕಾಗಿತ್ತು. ಅಂತಿಯೋಕ್ಯದಲ್ಲಿ ಪೇತ್ರನು ತನ್ನ ಮಾನವನ್ನು ಉಳಿಸಿಕೊಳ್ಳುವದಕ್ಕೆ ತಟ್ಟೆಯನ್ನು ಬಿಟ್ಟನು, ಬಲಹೀನನು ಅದರಿಂದಲೇ ಎಡವಿದನು. ಆದದರಿಂದ ನಾವು ಗಡಿಗೆಯನ್ನು ಮುಚ್ಚುವಾಗ ಕೇಳಿಕೊಳ್ಳತಕ್ಕ ಪ್ರಶ್ನೆ ಇಷ್ಟೇ: ಇದನ್ನು ಯಾರಿಗೋಸ್ಕರ ಮುಚ್ಚುತ್ತೇನೆ? ಅವನಿಗೋಸ್ಕರವಾದರೆ ಅದು ಪ್ರೀತಿ. ನನಗೋಸ್ಕರವಾದರೆ ಅದು ಭಯ, ಆ ಭಯದ ಬೆಲೆಯನ್ನು ಬೇರೊಬ್ಬನು ತೆರುವನು.

ಈ ಮಾತು ನಮಗೆ ದೂರದ್ದಲ್ಲ. 1834ರಲ್ಲಿ ಬಾಸೆಲ್ ಮಿಶನಿನ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬೋಧಕರು ಮಂಗಳೂರಿಗೆ ಬಂದರು. ಮುಂದಿನ ವರುಷಗಳಲ್ಲಿ ಬಿಲ್ಲವರೊಳಗಿಂದ ಅನೇಕರು ಸಭೆಗೆ ಸೇರಿದರು; 1844ರಲ್ಲಿ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯನೂ ದೀಕ್ಷಾಸ್ನಾನವನ್ನು ಹೊಂದಿದನು. ದೇವಾಲಯದಲ್ಲಿ ಒಂದೇ ಪಾತ್ರೆಯಿಂದ ಕುಡಿದವರ ಅಡಿಗೆಗಳು ಒಂದೇ ಆಗಿರಲಿಲ್ಲ. 1850ರಲ್ಲಿ ಮದರಾಸಿನ ಮಿಶನರಿ ಸಮ್ಮೇಳನದವರು ಜಾತಿಯನ್ನು ಕುರಿತು ಒಂದು ನಿರ್ಣಯವನ್ನು ಮಾಡಿ, ಕೀಳೆಂದು ಎಣಿಸಲ್ಪಟ್ಟವರು ಅಡಿಗೆ ಮಾಡಿದ್ದನ್ನು ಉಣ್ಣಲು ನಿರಾಕರಿಸುವವನು ಜಾತಿಯನ್ನು ಬಿಟ್ಟವನಲ್ಲವೆಂದು ತೀರ್ಮಾನಿಸಿದರು. ಆ ಹಿರಿಯರಿಗೆ ಮನುಷ್ಯರ ಮನಸ್ಸು ಚನ್ನಾಗಿ ಗೊತ್ತಿತ್ತು. ಜಾತಿಯು ಹೆಸರನ್ನು ಬಿಟ್ಟುಕೊಡುವದು, ಜುಟ್ಟನ್ನು ಬಿಟ್ಟುಕೊಡುವದು. ಕಟ್ಟಕಡೆಗೆ ಅಡಿಗೆಯ ಗಡಿಗೆಯಲ್ಲಿ ಅಡಗಿಕೊಂಡು ಕೂತಿರುವದು.

ಮನೆಮನೆಗೆ ಭೇಟಿ ಕೊಡುವ ಉಪದೇಶಿಗಳು ಇದನ್ನು ಪ್ರತಿದಿನ ಕಾಣುತ್ತೇವೆ. ನಾವು ಬರುವೆವೆಂದು ಕೇಳಿ ತಾಯಿಯು ಒಣಮೀನಿನ ಬಟ್ಟಲನ್ನು ಬಚ್ಚಿಟ್ಟು, ಸಾಲಮಾಡಿ ತಂದ ಸಕ್ಕರೆಯಿಂದ ಚಹಾ ಕಾಸುವಳು. ಅದು ಉಪಚಾರದಿಂದ ಮಾಡಿದ್ದು, ಆಕೆಯನ್ನು ದೂರುವದು ನ್ಯಾಯವಲ್ಲ. ಆದರೆ ಮಗ್ಗುಲಲ್ಲಿ ನಿಂತಿರುವ ಮಗುವು ನೋಡುತ್ತದೆ. ನಮ್ಮ ಅಜ್ಜಿಯ ಊಟವು ನಾಚಿಕೆಗೆ ಯೋಗ್ಯವಾದದ್ದೆಂದು ಅದು ಆ ಹೊತ್ತೇ ಕಲಿಯುವದು. ಮುಂದೆ ಶಾಲೆಯಲ್ಲಿ ಅದೇ ಬುತ್ತಿಯನ್ನು ಬಿಚ್ಚುವ ಹುಡುಗನನ್ನು ಕಂಡಾಗ ಮೂಗು ಮುಚ್ಚಿಕೊಳ್ಳುವವರಲ್ಲಿ ಈ ಮಗುವೇ ಮೊದಲನೆಯದಾಗುವದು. ನಾಚಿಕೆಯು ಹೀಗೆ ತಿರಸ್ಕಾರವಾಗಿ ಬೆಳೆಯುತ್ತದೆ.

ಆದದರಿಂದ ಸಭೆಯ ಹಿರಿಯರೂ ಉಪದೇಶಿಗಳೂ ಬಡವರ ಮನೆಗೆ ಹೋದಾಗ, ಈ ಹೊತ್ತು ಒಲೆಯ ಮೇಲೆ ಏನಿದೆಯೋ ಅದನ್ನೇ ಕೊಡಿರಿ ಎಂದು ಕೇಳಲಿ. ಕೊಟ್ಟದ್ದನ್ನು ಮುಖ ಕಿವಿಚದೆ ಉಣ್ಣಲಿ. ಕರ್ತನು ಎಪ್ಪತ್ತು ಮಂದಿಯನ್ನು ಕಳುಹಿಸಿದಾಗ ತಮ್ಮ ಮುಂದೆ ಇಟ್ಟದ್ದನ್ನು ಉಣ್ಣಬೇಕೆಂದು ಅಪ್ಪಣೆಕೊಟ್ಟನು. ಸಭೆಯ ಹಬ್ಬದ ಊಟಕ್ಕೆ ಪ್ರತಿಯೊಬ್ಬರು ತಮ್ಮ ಮನೆಯಲ್ಲಿ ನಿಜವಾಗಿ ಪ್ರಿಯವಾದದ್ದನ್ನು ಒಂದು ಪಾತ್ರೆಯಲ್ಲಿ ತರಲಿ. ರುಚಿಸದಿದ್ದವನು ನಮ್ರತೆಯಿಂದ ಬಿಡಲಿ, ನಗದಿರಲಿ. ಮೊದಲು ಕೈಚಾಚುವವನು ಸಭೆಯಲ್ಲಿ ಮರ್ಯಾದೆಯುಳ್ಳವನಾಗಿದ್ದರೆ ಬಹಳ ಒಳ್ಳೆಯದು. ಯಾಕಂದರೆ ಗಣ್ಯನಾದ ಒಬ್ಬನು ಬಡವಿಯ ಗಡಿಗೆಯಿಂದ ಎರಡನೆಯ ಸಾರಿ ಬಡಿಸಿಕೊಳ್ಳುವದನ್ನು ಮಕ್ಕಳು ಕಂಡರೆ, ಹತ್ತು ಪ್ರಸಂಗಗಳಿಂದ ಕಲಿಯದ್ದನ್ನು ಅವರು ಅದರಿಂದ ಕಲಿಯುವರು.