ಬಾಯಿಗೆ ಸಿಗದ ಪ್ರಸಾದ

ನಾನು ಏಳನೇ ಕ್ಲಾಸಿನವರೆಗೆ ಕಲಿತವ. ಅಡಿಕೆ ತೋಟ, ಸ್ವಲ್ಪ ಗದ್ದೆ, ಜೊತೆಗೆ ಪಾಡ್ದನ, ಭಜನೆ ಹಾಡುವುದು. ಇಷ್ಟೇ ನನ್ನ ಬದುಕು. ಧರ್ಮದ ದೊಡ್ಡ ವಿಷಯ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಒಂದು ಪ್ರಶ್ನೆ ಕೆಲವು ವರ್ಷದಿಂದ ನನ್ನನ್ನು ಬಿಟ್ಟಿಲ್ಲ. ಮನಸ್ಸಿನಲ್ಲಿ ಮಾಡಿದ್ದು ಮಾಡಿದ ಹಾಗೆ ಆಗ್ತದಾ?

2020ರ ಮಾರ್ಚಿನಲ್ಲಿ ಕೊರೊನಾ ಬಂದು ತಲಪಾಡಿಯ ಗಡಿ ಮುಚ್ಚಿತು. ದೇವಸ್ಥಾನ, ಮಸೀದಿ, ಇಗರ್ಜಿ ಎಲ್ಲದಕ್ಕೂ ಬೀಗ ಬಿತ್ತು. ನಮ್ಮ ತೋಟದ ಆಚೆ ಬದಿಯಲ್ಲಿ ಒಬ್ಬರು ಬಾಯಮ್ಮ ಇದ್ದಾರೆ, ಎಪ್ಪತ್ತು ದಾಟಿದವರು. ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ತುಳು, ಕನ್ನಡ. ಒಂದು ಆದಿತ್ಯವಾರ ಬೆಳಿಗ್ಗೆ ಬಾಳೆಕಾಯಿ ಕೊಡಲು ಹೋದೆ. ಮೊಮ್ಮಗ ಮೊಬೈಲನ್ನು ಚೊಂಬಿಗೆ ಒರಗಿಸಿ ಇಟ್ಟಿದ್ದ. ಅದರಲ್ಲಿ ಪೂಜೆ ಬರಬೇಕಿತ್ತು. ಬಾಯಮ್ಮ ಇಗರ್ಜಿಗೆ ಹೋಗುವ ಸೀರೆ ಉಟ್ಟು, ತಲೆಗೆ ಸೆರಗು ಹಾಕಿ ಕೂತಿದ್ದರು.

"ಕಾಫಿ ಆಯ್ತಾ ಬಾಯಮ್ಮ?" ಅಂದೆ.

"ಇಲ್ಲ ಮಗಾ. ಪ್ರಸಾದ ತೆಗೊಳ್ಳುವ ಒಂದು ಗಂಟೆ ಮೊದಲು ಏನೂ ತಿನ್ನಲಿಕ್ಕಿಲ್ಲ."

"ಮೊಬೈಲಿನಿಂದ ಪ್ರಸಾದ ಕೈಗೆ ಬರ್ತದಾ?" ಅಂತ ತಮಾಷೆ ಮಾಡಿದೆ.

ಅವರು ನಗಲಿಲ್ಲ. "ಬಾಯಿಗೆ ಬರುವುದಿಲ್ಲ. ಅದಕ್ಕೇ ಮನಸ್ಸಿಗೆ ಬಾ ಅಂತ ದೇವರನ್ನು ಕರೆಯುವುದು" ಅಂದರು.

ನನಗೆ ನಾಚಿಕೆ ಆಯಿತು. ಮುಂದೆ ಪರಿಚಯದ ಒಬ್ಬರು ಫಾದರ್ ಹತ್ತಿರ ಈ ವಿಷಯ ಕೇಳಿದೆ. ಅವರು ಹೇಳಿದ್ದು ಹೀಗೆ. ಪೂಜೆಯಲ್ಲಿ ಆಶೀರ್ವದಿಸಿದ ರೊಟ್ಟಿ ಕ್ರಿಸ್ತನ ಶರೀರವೇ ಎಂದು ಕೆಥೋಲಿಕರ ನಂಬಿಕೆ. ಅದನ್ನು ಸ್ವೀಕರಿಸುವುದೇ ಪರಮಪ್ರಸಾದ. ಅದು ಸಿಗದ ಕಡೆ ಇರುವವ ನಂಬಿಕೆಯಿಂದ, ಪ್ರೀತಿಯಿಂದ ಅದಕ್ಕೆ ಹಂಬಲಿಸಿದರೆ ಅದೂ ಒಂದು ರೀತಿಯ ಸ್ವೀಕಾರ. ಇದು ಕೊರೊನಾಕ್ಕೆ ಹುಟ್ಟಿದ ಉಪಾಯ ಅಲ್ಲ. 13ನೇ ಶತಮಾನದಲ್ಲೇ ಥಾಮಸ್ ಅಕ್ವಿನಾಸ್ ಎಂಬ ಪಂಡಿತರು ಇದನ್ನು ಬರೆದಿದ್ದಾರೆ. 1551ರಲ್ಲಿ ಟ್ರೆಂಟ್ ಮಹಾಸಭೆ ಮೂರು ಬಗೆ ಹೇಳಿತು: ಬಾಯಿಯಿಂದ ಮಾತ್ರ ತೆಗೆದುಕೊಳ್ಳುವವರು, ಮನಸ್ಸಿನಿಂದ ಮಾತ್ರ ತೆಗೆದುಕೊಳ್ಳುವವರು, ಎರಡರಿಂದಲೂ ತೆಗೆದುಕೊಳ್ಳುವವರು. ಕೊರೊನಾ ವರ್ಷ ಪೋಪ್ ಫ್ರಾನ್ಸಿಸ್ ಕೂಡ ಬೆಳಗಿನ ಪೂಜೆಯಲ್ಲಿ ಮನೆಯಲ್ಲಿದ್ದವರಿಗಾಗಿ ಇಂಥ ಪ್ರಾರ್ಥನೆ ಹೇಳ್ತಿದ್ದರಂತೆ.

"ಹಾಗಾದರೆ ಮನೆಯಲ್ಲೇ ಕೂತರೆ ಸಾಕಲ್ಲ?" ಅಂದೆ.

"ಸಾಲದು. ಎರಡೂ ಸೇರಿದರೇ ಪೂರ್ಣ" ಅಂತ ಹೇಳಿ ಜಪಾನಿನ ಕತೆ ಹೇಳಿದರು. ಅಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಬಿದ್ದು 200 ವರ್ಷಕ್ಕೂ ಹೆಚ್ಚು ಕಾಲ ಪಾದ್ರಿಗಳೇ ಇಲ್ಲ, ಪೂಜೆ ಇಲ್ಲ. ಜನ ಗುಟ್ಟಾಗಿ ಪ್ರಾರ್ಥನೆ ಉಳಿಸಿಕೊಂಡರು. 1865ರಲ್ಲಿ ನಾಗಸಾಕಿಯಲ್ಲಿ ಹೊಸ ಇಗರ್ಜಿ ಎದ್ದಾಗ ಹತ್ತಿರದ ಹಳ್ಳಿಯವರು ಅದರ ಬಾಗಿಲಿಗೇ ಬಂದು ನಿಂತರು.

ನನಗೆ ಇದು ಅರ್ಥ ಆದದ್ದು ಹಾಡಿನಿಂದ. ಒಮ್ಮೆ ಗಂಟಲು ಕಟ್ಟಿ ಎರಡು ತಿಂಗಳು ಹಾಡಲಿಕ್ಕೆ ಆಗಲಿಲ್ಲ. ಆಗ ತೋಟದಲ್ಲಿ ಮನಸ್ಸಿನಲ್ಲೇ ಪಾಡ್ದನ ಹೇಳಿಕೊಳ್ತಿದ್ದೆ. ಹಾಗಾಗಿ ಒಂದು ಸಾಲೂ ಮರೆಯಲಿಲ್ಲ. ಗಂಟಲು ಬಿಟ್ಟ ದಿನವೇ ಹಾಡಿದೆ. ಗಂಟಲು ಸರಿ ಇದ್ದೂ "ನಾನು ಮನಸ್ಸಿನಲ್ಲೇ ಹಾಡ್ತೇನೆ" ಅಂತ ಕೂತರೆ ನನ್ನನ್ನು ಹಾಡುಗಾರ ಅಂತ ಯಾರು ಹೇಳಿಯಾರು?

ಈಗ ನನ್ನ ತಪ್ಪು ಹೇಳ್ತೇನೆ. ನನ್ನ ಅಕ್ಕನನ್ನು ಬಂಟ್ವಾಳದ ಕಡೆಗೆ ಕೊಟ್ಟದ್ದು. ಕೊರೊನಾಕ್ಕೆ ಮೊದಲು ಮೂರು ವರ್ಷ ನಾನು ಆ ಕಡೆ ಹೋಗಿರಲಿಲ್ಲ. ಒಮ್ಮೆ ಅಡಿಕೆ ಕೊಯ್ಲು, ಒಮ್ಮೆ ಮದ್ದು ಬಿಡುವುದು. ಅಕ್ಕ ಫೋನು ಮಾಡಿದಾಗೆಲ್ಲ "ಮನಸ್ಸೆಲ್ಲ ನಿನ್ನ ಹತ್ತಿರವೇ ಉಂಟಕ್ಕಾ" ಅಂತಿದ್ದೆ. ಆಗ ದಾರಿ ತೆರೆದೇ ಇತ್ತು, ಬಸ್ಸೂ ಇತ್ತು. ಗಡಿ ಮುಚ್ಚಿದ ದಿನಗಳಲ್ಲೇ ಅಕ್ಕ ತೀರಿಹೋದಳು. ಆ ದಿನ ನಿಜವಾಗಿ ನನ್ನ ಮನಸ್ಸು ಅಲ್ಲೇ ಇತ್ತು. ಆದರೆ ಮೊದಲಿನ ಮೂರು ವರ್ಷ ಹೇಳಿದ ಮಾತು ಬರೀ ಬಾಯಿಮಾತು ಅಂತ ನನಗೆ ಗೊತ್ತಾಯಿತು.

ಇಗರ್ಜಿ ತೆರೆದ ಮೇಲೂ ವಯಸ್ಸಾದವರು ಬರುವುದು ಬೇಡ ಅಂತ ಇತ್ತು. ಬಾಯಮ್ಮ ಕಾದರು. ಬರಬಹುದು ಅಂತ ಆದ ಮೊದಲ ಆದಿತ್ಯವಾರ ಕೊಡೆ ಊರಿಕೊಂಡು ನಮ್ಮ ಅಂಗಳ ದಾಟಿ ನಡೆದೇ ಹೋದರು. ರಿಕ್ಷಾ ಬರುವವರೆಗೆ ನಿಲ್ಲುವ ತಾಳ್ಮೆ ಅವರಿಗೆ ಇರಲಿಲ್ಲ.

ನನಗೆ ತೋರಿದ್ದು ಇಷ್ಟು. ದಾರಿ ಮುಚ್ಚಿದಾಗ ಮನಸ್ಸಿನಲ್ಲಿ ಮಾಡಿದ್ದಕ್ಕೆ ಬೆಲೆ ಉಂಟು. ಅದು ನಿಜವೋ ಸುಳ್ಳೋ ಅಂತ ತಿಳಿಯುವುದು ದಾರಿ ತೆರೆದ ದಿನ. ಅಕ್ಕನ ಮನೆಗೆ ಹೋಗಲಿಕ್ಕೆ ನನಗೆ ಇನ್ನು ಕಾರಣ ಇಲ್ಲ. ಆದರೆ ನನಗೆ ಪಾಡ್ದನ ಕಲಿಸಿದ ಅಜ್ಜಿ ಪಕ್ಕದ ಊರಿನಲ್ಲಿ ಹಾಸಿಗೆ ಹಿಡಿದಿದ್ದಾರೆ. ಈಗ ತಿಂಗಳಿಗೊಮ್ಮೆ ಹೋಗಿ ಅವರ ಹತ್ತಿರ ಕೂತು ಹಾಡಿ ಬರ್ತೇನೆ. ಓದುವ ನಿಮಗೂ ಯಾರಾದರೂ ಹಾಗೆ ಕಾಯುವವರು ಇದ್ದರೆ, ಬಸ್ಸು ಇರುವಾಗಲೇ ಒಮ್ಮೆ ಹೋಗಿ ಬನ್ನಿ.