ಕಪಾಟಿನ ಹಿಂದಿನ ಸಾಲು



ಈ ತಿಂಗಳ ಸಾಮಾನಿನ ಚೀಟಿ ಬರೆಯಲು ಕುಳಿತುಕೊಳ್ಳುವ ಮುನ್ನ ಅಡುಗೆಮನೆಯ ಕಪಾಟಿನ ಹಿಂದಿನ ಸಾಲಿಗೊಮ್ಮೆ ಕೈ ಹಾಕಿ ನೋಡಿ. ಮುಂದಿನ ಸಾಲು ದಿನನಿತ್ಯದ್ದು, ನಮಗೆ ಪರಿಚಿತವಾದದ್ದು. ಹಿಂದಿನ ಸಾಲೋ ನಮ್ಮ ಮರೆವಿನ ದಾಖಲೆ. ನಮ್ಮ ಮನೆಯಲ್ಲಿ ಹೀಗೆ ನೋಡಿದಾಗ ಸಿಕ್ಕಿದ್ದು ಕಡಲೆಹಿಟ್ಟಿನ ಮೂರು ಪೊಟ್ಟಣ, ಅರ್ಧ ಕಿಲೋ ಹುರುಳಿ, ಯಾವುದೋ ಹಬ್ಬಕ್ಕೆಂದು ತಂದಿದ್ದ ಸಾಬೂದಾನಿ ಮತ್ತು ಹುಳು ಹಿಡಿದ ರವೆ. ಆ ಮೂರೂ ಪೊಟ್ಟಣಗಳನ್ನು ಕೊಂಡವರು ನಾವೇ. ಪ್ರತಿ ಸಲವೂ ಮನೆಯಲ್ಲಿ ಇಲ್ಲವೆಂಬ ದೃಢ ನಂಬಿಕೆಯಿಂದ!

ಹಾಗಾದರೆ ದಾಸ್ತಾನು ಇಡುವುದೇ ತಪ್ಪೇ? ಖಂಡಿತ ಅಲ್ಲ. ಕರಾವಳಿಯ ಹಿರಿಯರು ಬೈಹುಲ್ಲಿನ ಮುಡಿ ಕಟ್ಟಿ ಅಕ್ಕಿಯನ್ನು ಕಾಪಾಡಿದರು. ಬೇಳೆಗೆ ಹರಳೆಣ್ಣೆ ಸವರಿಟ್ಟ ಅಜ್ಜಿಯರನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗೆ ಮನೆ ನಡೆಯಬೇಕಿತ್ತು. ಯಾವ ಡಬ್ಬಿಯಲ್ಲಿ ಎಷ್ಟಿದೆ ಎಂಬುದು ಅವರಿಗೆ ಕತ್ತಲಲ್ಲೂ ಗೊತ್ತಿತ್ತು. ನಮ್ಮ ಸಂಗ್ರಹಕ್ಕೆ ಅಂಥ ಕಾರಣವಿಲ್ಲ. ಒಂದು ಕೊಂಡರೆ ಇನ್ನೊಂದು ಉಚಿತ ಎಂದು ಅಂಗಡಿಯವರು ಬರೆದಿದ್ದರು, ನಾವು ತಂದೆವು.

ನಾವು ಅನುಸರಿಸಿದ ಕ್ರಮ ಸರಳವಾದುದು. ಮೊದಲು ಮನೆಯಲ್ಲಿ ಇರುವುದನ್ನು ಬರೆದುಕೊಂಡೆವು. ಆನಂತರ ಏಳು ದಿನಗಳ ಅಡುಗೆಯನ್ನು ನಿರ್ಧರಿಸಿದೆವು. ಕೊರತೆ ಬಿದ್ದುದನ್ನು ಮಾತ್ರ ಕೊಂಡೆವು. ಕಾಳುಗಳು ಹಳೆಯದಾದಷ್ಟೂ ಬೇಯಲು ಹಟ ಮಾಡುತ್ತವೆ. ಹಿಂದಿನ ರಾತ್ರಿಯೇ ನೆನೆಹಾಕಬೇಕಾದುದರಿಂದ ನಾಳೆಯ ಊಟದ ಯೋಚನೆ ಇಂದೇ ಆಗಬೇಕು. ಹುರುಳಿ ಒಂದು ದಿನ ಸಾರಾಯಿತು, ಇನ್ನೊಂದು ದಿನ ಉಸಳಿಯಾಯಿತು. ಇದರಿಂದ ಇನ್ನೊಂದು ಉಪಕಾರವೂ ಆಯಿತು. ಇಂದು ಏನು ಅಡುಗೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಮನೆಯೊಡತಿ ಒಬ್ಬಳೇ ಹೊರುತ್ತಾಳೆ. ಅದು ಗೋಡೆಯ ಮೇಲಿನ ಹಾಳೆಗೆ ಬಂದಾಗ ಎಲ್ಲರ ಪ್ರಶ್ನೆಯಾಯಿತು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇಕಡಾ 60ರಷ್ಟು ಹಾಳಾದದ್ದು ಹೋಟೆಲುಗಳಲ್ಲಲ್ಲ, ಅಂಗಡಿಗಳಲ್ಲೂ ಅಲ್ಲ, ಮನೆಗಳಲ್ಲಿ.

ಆದರೆ ನನ್ನನ್ನು ಕಾಡಿದ್ದು ಈ ಅಂಕಿಗಳಿಗಿಂತ ಆ ರವೆ. ಎಸೆಯಲು ಮನಸ್ಸಾಗಲಿಲ್ಲ. ಮನೆಗೆಲಸಕ್ಕೆ ಬರುವಾಕೆಗೆ ಕೊಟ್ಟರಾಯಿತು, ಜರಡಿ ಹಿಡಿದು ಬಳಸಿಕೊಳ್ಳುತ್ತಾಳೆ ಎಂದುಕೊಂಡು ಪೊಟ್ಟಣವನ್ನು ಬಾಗಿಲ ಬಳಿ ಇಟ್ಟೂ ಆಗಿತ್ತು. ನೀವೂ ಎಂದಾದರೂ ಹೀಗೆ ಮಾಡಿರಬಹುದು. ನಾನು ತಿನ್ನಲೊಲ್ಲದ್ದನ್ನು ಆಕೆಗೆ ಕೊಡುವುದು ದಾನವೇ, ಅಥವಾ ನನ್ನ ತಪ್ಪನ್ನು ಆಕೆಯ ಚೀಲಕ್ಕೆ ಸಾಗಿಸುವ ಉಪಾಯವೇ? ಕಣಜವನ್ನು ಒಡೆದು ಇನ್ನೂ ದೊಡ್ಡದನ್ನು ಕಟ್ಟಲು ಹೊರಟ ಧನಿಕನ ಸಾಮತಿಯ ಮೇಲೆ 4ನೆಯ ಶತಮಾನದಲ್ಲಿ ಪ್ರಬೋಧನೆ ನೀಡಿದ ಸಂತ ಬೆಸಿಲರು, ನಾವು ಕೂಡಿಟ್ಟ ಹೆಚ್ಚಿನ ರೊಟ್ಟಿ ಹಸಿದವನಿಗೆ ಸೇರಿದ್ದೆಂದು ವಾದಿಸಿದ್ದಾರೆ. ಅದು ನಿಜವಾದರೆ, ಆ ರವೆ ತಾಜಾ ಇದ್ದಾಗಲೇ ಆಕೆಯದಾಗಿತ್ತು. ಹುಳು ಹಿಡಿದ ಮೇಲಲ್ಲ. ಪೊಟ್ಟಣವನ್ನು ಬಾಗಿಲಿನಿಂದ ತೆಗೆದು ಗೊಬ್ಬರದ ಗುಂಡಿಗೆ ಸುರಿದೆ.

ಆ ತಿಂಗಳು ಸಾಮಾನಿನ ಲೆಕ್ಕದಲ್ಲಿ ಎಂಟುನೂರು ರೂಪಾಯಿ ಉಳಿಯಿತು. ಮಕ್ಕಳಿಗೆ ಅದರ ಮೇಲೆ ಕಣ್ಣಿದೆ, ನನಗೂ ಇಲ್ಲದಿಲ್ಲ. ಅದು ಯಾರದು ಎಂಬ ಚರ್ಚೆ ನಮ್ಮ ಊಟದ ಮೇಜಿನ ಮೇಲೆ ಇನ್ನೂ ನಡೆದಿದೆ.